ಹತ್ತೊಂಬತ್ತನೆಯ ಪ್ರಶ್ನೆ

ಮುಲಾಂಜೆ ಬೆಟ್ಟದ ಬುಡದಲ್ಲಿ ನೂರ ನಲವತ್ತಮೂರು ಮನೆ.
ಹತ್ತರಲ್ಲೊಂದು ಕಡುಬಡವರದ್ದು ಎಂದು
ರಾಜಧಾನಿಯಲ್ಲಿ ಮೊದಲೇ ತೀರ್ಮಾನವಾಗಿತ್ತು.
ಯಾವ ಹದಿನಾಲ್ಕು, ಅಷ್ಟು ಹುಡುಕುವುದು ನನ್ನ ಕೆಲಸ.
ಲೆಕ್ಕಕ್ಕೆ ಹದಿನಾಲ್ಕರ ಮೇಲೂ ಒಂದು ಚೂರು ಉಳಿಯುತ್ತದೆ;
ಆ ಚೂರು ಬಡವ ಯಾರಿರಬಹುದೆಂದು
ಲಾರಿಯ ಹಿಂಬದಿಯಲ್ಲಿ ಕೂತು ನಾವು ನಕ್ಕೆವು.

ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಟ್ಯಾಬ್ಲೆಟ್,
ನಾಲಿಗೆಯ ಮೇಲೆ ಉತ್ತರದ ಸೀಮೆಯವನ ಒಡಕು ಚಿಚೇವಾ.
ಏನು ಕೇಳಿದರೂ ಮಕ್ಕಳು ಮೊದಲು ನಗುತ್ತಿದ್ದರು,
ಆಮೇಲೆ ದೊಡ್ಡವರು ಉತ್ತರ ಹೇಳುತ್ತಿದ್ದರು.

ಊರು ಜಾಣ ಊರು.
ನಾನು ಬರುವಷ್ಟರಲ್ಲಿ ಸೈಕಲ್ಲುಗಳೆಲ್ಲ
ಮೆಕ್ಕೆಜೋಳದ ನಡುವೆ ಮಲಗಿಬಿಟ್ಟಿದ್ದವು.
ಒಬ್ಬ, ಆಡು ಇಲ್ಲ ಸ್ವಾಮಿ, ಒಂದೂ ಇಲ್ಲ ಎಂದ;
ಮಂಚದಡಿಯಿಂದ ಅದು, ಇದ್ದೇನೆ ಎಂದಿತು.
ಕೇಳಿಸದವನಂತೆ ಮುಂದಿನ ಪ್ರಶ್ನೆಗೆ ಹೋದೆ.
ಹೊಟ್ಟೆಪಾಡು. ಅವನದೂ, ನನ್ನದೂ.

ಮಾಯಿ ನಸೊಲೊಮಳ ಮನೆ ಹಳ್ಳದಾಚೆ.
ಮೂರು ಸಲ ಹೋದಾಗಲೂ ಅವಳು
ಯಾರದೋ ಹೊಲದಲ್ಲಿ ಕಳೆ ಕೀಳುತ್ತಿದ್ದಳು.
ನಾಲ್ಕನೆಯ ಸಲ, ಸಂಜೆಗತ್ತಲಲ್ಲಿ, ಸಿಕ್ಕಳು.
ಮೊಮ್ಮಗಳು ಫತ್ಸಾನಿ ನನಗೆಂದು
ಒರಳನ್ನು ಬೋರಲು ಹಾಕಿ ಪೀಠ ಮಾಡಿದಳು.

ಗೋಡೆ? ಮಣ್ಣು. ಸೂರು? ಹುಲ್ಲು.
ನಿನ್ನೆ ಎಷ್ಟು ಹೊತ್ತು ಉಂಡಿರಿ?
"ನಿನ್ನೆ ಮಾವಿನಕಾಯಿ ಬೇಯಿಸಿದೆ.
ಅದನ್ನು ಊಟ ಅನ್ನಬಹುದೋ, ನೀವೇ ಹೇಳಬೇಕು."
ಮಂಚ? ಇಲ್ಲ. ಕುರ್ಚಿ? ಇಲ್ಲ. ದೀಪ?
ಒಂದೊಂದು ಇಲ್ಲಕ್ಕೂ ಅವಳ ದನಿ
ಒಂದೊಂದು ಮೆಟ್ಟಿಲು ಕೆಳಗಿಳಿಯಿತು;
ಆಮೇಲೆ ತಲೆ ಅಲುಗಿತು, ದನಿ ಬರಲಿಲ್ಲ.

ಹತ್ತೊಂಬತ್ತು: ರೇಡಿಯೊ ಇದೆಯೇ?

ಮುಖ ಎತ್ತಿದಳು.
"ಇದೆ!"
ಒಳಗೆ ಹೋಗಿ, ಎರಡೂ ಕೈಯಲ್ಲಿ,
ನಿದ್ದೆಗಣ್ಣಿನ ಕೂಸನ್ನು ತಂದಂತೆ ತಂದಳು.
ಬಟ್ಟೆ ಬಿಚ್ಚಿದಳು. ಆಂಟೆನಾ ಇದ್ದಲ್ಲಿ ಒಂದು ಕಡ್ಡಿ.
ಮಾತಾಡುತ್ತದೆಯೇ, ಮಾಯಿ?
"ಎನೊಕಿ ಇದ್ದಾಗ ಮಾತಾಡುತ್ತಿತ್ತು.
ಅವನು ಹೋದ ಮೇಲೆ ಇದೂ ಮಾತು ಬಿಟ್ಟಿತು."
ಬೆನ್ನಿನ ಮುಚ್ಚಳ ತೆಗೆದು ತೋರಿಸಿದಳು.
ಬ್ಯಾಟರಿಯ ಗೂಡಿನಲ್ಲಿ, ಇಲಿಯ ಹಲ್ಲಿಗೆ ಎಟುಕದಂತೆ,
ಮುಂದಿನ ಬಿತ್ತನೆಗೆ ಒಂದು ಹಿಡಿ ತೊಗರಿ.

ನನ್ನ ಪರದೆಯ ಮೇಲೆ ಎರಡೇ ಗುಂಡಿ.
ಹೌದು ಎಂದು ಒತ್ತಿದರೆ
ಅವಳು ಗೆರೆಯ ಆಚೆ ಹೋಗುತ್ತಾಳೆ, ಅದು ನನಗೆ ಗೊತ್ತು.
ಕತ್ತಲಾಗಿತ್ತು. ಸೊಳ್ಳೆ ಕಚ್ಚುತ್ತಿತ್ತು.
ಇಲ್ಲ ಎಂದು ಒತ್ತಿದೆ.

ಎಣಿಸಿದವರನ್ನು ಎಣಿಸುವವರೂ ಇರುತ್ತಾರೆ.
ಎರಡು ವಾರದ ಮೇಲೆ ಸೂಪರ್‌ವೈಸರ್
ಅಲ್ಲೊಂದು ಇಲ್ಲೊಂದು ಮನೆ ಆರಿಸಿ ಮರುತಪಾಸಣೆಗೆ ಹೋದಳು.
ಹಳ್ಳದಾಚೆಗೂ ಹೋದಳು.
ಮತ್ತೆ ಬಟ್ಟೆ ಬಿಚ್ಚಿತು.
"ಆ ಹುಡುಗನಿಗೂ ತೋರಿಸಿದ್ದೆನಲ್ಲ,
ಬರೆದುಕೊಳ್ಳಲಿಲ್ಲವೇ?"

ಮೂರು ದಿನದ ಕೂಲಿ ಮುರಿದರು. ಮುರಿಯಲಿ.
ಆದರೂ ತಡೆಯಲಾರದೆ ಹೋಗಿ ಕೇಳಿದೆ:
ಮಾಯಿ, ಒಂದು ಇಲ್ಲ ಅಂದಿದ್ದರೆ ಏನಾಗುತ್ತಿತ್ತು?

ಅವಳು ಹಿಟ್ಟು ಕೇರುವುದನ್ನು ನಿಲ್ಲಿಸಲಿಲ್ಲ.
"ಅಷ್ಟೊಂದು ಇಲ್ಲ ಅಂದೆನಲ್ಲಪ್ಪ.
ಎಲ್ಲದಕ್ಕೂ ಇಲ್ಲ ಎಂದುಬಿಟ್ಟರೆ
ಯಾರು ಇದ್ದಾರೆಂದು ಬರೆದುಕೊಂಡು ಹೋಗುತ್ತಿದ್ದೆ?"

ಪಟ್ಟಿಯನ್ನು ಮಾವಿನ ಮರಕ್ಕೆ ಅಂಟಿಸಿದ ದಿನ
ನಾನು ಬೇರೆ ಜಿಲ್ಲೆಯಲ್ಲಿದ್ದೆ.
ಅವಳ ಹೆಸರು ಬಂತೋ ಇಲ್ಲವೋ ತಿಳಿಯದು,
ಮಂಚದಡಿಯ ಆಡಿನವನದು ಬಂತಂತೆ.

ಸಂತೆಯಲ್ಲಿ ಅವಳಿಗೆಂದು ಕೊಂಡ ಎರಡು ಬ್ಯಾಟರಿ
ಇನ್ನೂ ನನ್ನ ಚೀಲದಲ್ಲೇ ಇವೆ.
ಅವತ್ತು ಅವಳ ಮುಂದೆ ನಿಂತಾಗ
ತೆಗೆಯಬೇಕೆಂದು ಕೈ ಹಾಕಿದ್ದೆ.
ಕೊಟ್ಟರೆ, ತೊಗರಿ ಎಲ್ಲಿಡುತ್ತಾಳೆ?